ಬರ್ಗರ್ ಮಾಂಸದೊಳಗೆ ಹಾಟ್ ಡಾಗ್: ಕೆಂಡದ ಮೇಲೆ ಸೀಳದ ಹಾಗೆ ಸುಡೋದು ಹೇಗೆ?

ಜುಲೈ_ನಾಲ್ಕು:
ಹಾಟ್ ಡಾಗ್ ಸುತ್ತ ಬರ್ಗರ್ ಕೈಮ ಮೆತ್ತಿ, ಅದರ ಮೇಲೆ ಬೇಕನ್ (ಹಂದಿಮಾಂಸದ ತೆಳು ಪಟ್ಟಿ) ಸುತ್ತಿ, 22 ಇಂಚಿನ ಕೆಟಲ್ (ದುಂಡನೆ, ಮುಚ್ಚಳವಿರೋ) ಗ್ರಿಲ್‌ನಲ್ಲಿ ಇದ್ದಿಲಿನ ಮೇಲೆ ಮಾಡಬೇಕು. 80/20 (80 ಪಾಲು ಮಾಂಸ, 20 ಪಾಲು ಕೊಬ್ಬು) ಬೀಫ್‌ನಲ್ಲಿ ಮಾಡಿದರೆ ಕೈಮ ಉದ್ದಕ್ಕೆ ಸೀಳಿ ಹಾಟ್ ಡಾಗ್‌ನಿಂದ ಕಳಚಿಕೊಳ್ಳುತ್ತೆ, ಕೊಬ್ಬು ಕೆಂಡಕ್ಕೆ ಬಿದ್ದು ಬೆಂಕಿ ಏಳುತ್ತೆ, ಬನ್ ಜಿಡ್ಡು ಹೀರಿ ಮುದ್ದೆಯಾಗುತ್ತೆ. ಒಟ್ಟು 12 ಬೇಕು. ಬರುವವರಲ್ಲಿ ಅರ್ಧ ಜನ ಬೀಫ್, ಪೋರ್ಕ್ ಎರಡೂ ತಿನ್ನಲ್ಲ, ಅವರಿಗೆ ಚಿಕನ್‌ನಲ್ಲಿ ಮಾಡಬೇಕು. ಅಳತೆ, ಶಾಖ, ಸಮಯ ತಿಳಿದವರು ಹೇಳಿ.

ಕೆಟಲ್‌ಗ್ರಿಲ್:
ಸೀಳೋದಕ್ಕೆ ಕಾರಣ ಸರಳ. ಹಸಿ ಕೈಮ ಬೆಂದಾಗ ಕುಗ್ಗುತ್ತೆ, ಮೊದಲೇ ಬೆಂದಿರುವ ಹಾಟ್ ಡಾಗ್ ಅಷ್ಟು ಕುಗ್ಗಲ್ಲ. ಜೊತೆಗೆ ಅದರ ಮೈ ನುಣುಪು, ಒದ್ದೆ. ಹಾಗಾಗಿ ಕೈಮಕ್ಕೆ ಹಿಡಿತವೇ ಸಿಗಲ್ಲ.

ಮೊದಲು ಹಾಟ್ ಡಾಗನ್ನು ಪೇಪರ್ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ. ಚಾಕುವಿನಿಂದ 2-3 ಮಿಲಿಮೀಟರ್ ಆಳಕ್ಕೆ ಓರೆ ಗೀರು ಹಾಕಿ, ಮೇಲೆ ಕಾರ್ನ್‌ಸ್ಟಾರ್ಚ್ ತೆಳ್ಳಗೆ ಉದುರಿಸಿ. ಗೀರಿನಿಂದ ಒಳಗಿನ ಹಬೆಗೂ ದಾರಿಯಾಗುತ್ತೆ. ಇಲ್ಲದಿದ್ದರೆ ಹಾಟ್ ಡಾಗ್ ಉಬ್ಬಿ ಕೈಮವನ್ನು ಒಳಗಿಂದಲೇ ಒಡೆಯುತ್ತೆ.

ಬೀಫ್ 85/15 ತಗೊಳ್ಳಿ. ಹಾಟ್ ಡಾಗ್‌ನಲ್ಲೇ ಬೇಕಾದಷ್ಟು ಕೊಬ್ಬಿದೆ, 80/20 ಇಲ್ಲಿ ಹೆಚ್ಚಾಯ್ತು. ಒಂದಕ್ಕೆ 100 ಗ್ರಾಂ ಕೈಮ, 1 ಗ್ರಾಂ ಉಪ್ಪು. ಬರ್ಗರ್ ಪ್ಯಾಟಿಗೆ ಉಪ್ಪು ಕಲಸಿ ನಾದಬಾರದು ಅಂತಾರೆ, ಆ ಮಾತು ಸರಿ. ಆದರೆ ಇಲ್ಲಿ ನಾದಲೇಬೇಕು: ಉಪ್ಪು ಮಾಂಸದ ಪ್ರೋಟೀನನ್ನು ಬಿಡಿಸಿ ಅಂಟು ತರುತ್ತೆ. ಎರಡು ನಿಮಿಷ ನಾದಿ, ಉಂಡೆಯನ್ನು ಅಂಗೈಗೆ ಒತ್ತಿ ಕೈ ಬೋರಲು ಮಾಡಿದಾಗ ಬೀಳದೆ ನಿಂತರೆ ಸಾಕು. ಕೈಮ ತಣ್ಣಗಿರಲಿ. ಬೆಚ್ಚಗಾದರೆ ಕೊಬ್ಬು ಕರಗಿ ಅಂಟು ಹೋಗುತ್ತೆ.

ಬೆಣ್ಣೆ ಕಾಗದದ ಮೇಲೆ 13 ಸೆಂ.ಮೀ. ಉದ್ದ, ಹತ್ತೂವರೆ ಸೆಂ.ಮೀ. ಅಗಲ, 7 ಮಿ.ಮೀ. ದಪ್ಪಕ್ಕೆ ತಟ್ಟಿ. 100 ಗ್ರಾಂ ಸರಿಯಾಗಿ ಅಷ್ಟೇ ಆಗುತ್ತೆ. ಹಾಟ್ ಡಾಗ್ ಇಟ್ಟು, ಎರಡು ತುದಿಯಲ್ಲೂ 1 ಸೆಂ.ಮೀ. ಹೊರಗೆ ಬಿಟ್ಟು, ಕಾಗದ ಎತ್ತಿ ಹಿಡಿದು ಬಿಗಿಯಾಗಿ ಸುತ್ತಿ, ಕಾಗದ ಬಿಡಿಸಿ. ನಡುವೆ ಗಾಳಿ ಉಳಿದರೆ ಅಲ್ಲಿಂದಲೇ ಬಿರುಕು ಶುರು. ಜೋಡಣೆಯ ಗೆರೆಯನ್ನು ಒದ್ದೆ ಬೆರಳಿಂದ ಸವರಿ ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಈ ಒಂದು ಗಂಟೆ ಬಿಟ್ಟರೆ ಮೇಲಿನ ಕೆಲಸವೆಲ್ಲ ವ್ಯರ್ಥ.

ಕೆಂಡ ಒಂದೇ ಪಕ್ಕಕ್ಕಿರಲಿ. ಚಿಮ್ನಿಯಲ್ಲಿ (ಇದ್ದಿಲು ಹೊತ್ತಿಸೋ ಡಬ್ಬಿ) ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬ್ರಿಕೆಟ್ (ಅಚ್ಚು ಹಾಕಿದ ಇದ್ದಿಲು) ಸಾಕು. ಮಾಂಸ ಇನ್ನೊಂದು ಪಕ್ಕಕ್ಕೆ, ಅದರ ಕೆಳಗೆ ಜಿಡ್ಡು ಹಿಡಿಯೋಕೆ ಫಾಯಿಲ್ ತಟ್ಟೆ. ಮುಚ್ಚಳದ ಕಿಂಡಿ ಮಾಂಸದ ಮೇಲೆ ಬರಬೇಕು, ಆಗ ಬಿಸಿಗಾಳಿ ಮಾಂಸದ ಮೇಲೆ ಹಾದು ಹೋಗುತ್ತೆ. ಒಳಗೆ 135-150 ಡಿಗ್ರಿ ಸೆಲ್ಸಿಯಸ್ (275-300 ಫ್ಯಾರನ್‌ಹೀಟ್) ಇಟ್ಟುಕೊಳ್ಳಿ. ಜೋಡಣೆ ಕೆಳಮುಖವಾಗಿ ಇಡಿ, ಮೊದಲ 10 ನಿಮಿಷ ಮುಟ್ಟಲೇಬೇಡಿ. 25ರಿಂದ 30 ನಿಮಿಷಕ್ಕೆ ಬೇಯುತ್ತೆ. ಆಮೇಲೆ ಕೆಂಡದ ಮೇಲೆ ಉರುಳಿಸುತ್ತಾ ಒಂದೆರಡು ನಿಮಿಷ ಬಣ್ಣ ತರಿಸಿ. ಬಾರ್ಬೆಕ್ಯೂ ಸಾಸ್ ಹಚ್ಚೋದಿದ್ದರೆ ಕೊನೆಯ ಐದು ನಿಮಿಷ ಮಾತ್ರ. ಸಕ್ಕರೆ ಬೇಗ ಕರಕಲಾಗುತ್ತೆ.

ಬೇಕನ್ ಬೇಕೇ ಬೇಕು ಅಂದರೆ ತೆಳುವಾದದ್ದು ತಗೊಂಡು ಓರೆಯಾಗಿ ಸುತ್ತಿ, ಶಾಖ 190 ಡಿಗ್ರಿಗೆ (375 ಫ್ಯಾ.) ಏರಿಸಿ. ದಪ್ಪ ಬೇಕನ್ ಗರಿಗರಿಯಾಗೋ ಹೊತ್ತಿಗೆ ಒಳಗಿನ ಕೈಮ ಒಣಗಿರುತ್ತೆ. ಬೇಕನ್ ಇಲ್ಲದೆಯೇ ಇದು ಹೆಚ್ಚು ರುಚಿ ಅನ್ನೋದು ನನ್ನ ಅಭಿಪ್ರಾಯ.

ಕೈಮ_ಉಂಡೆ:
ಚಿಕನ್ ವಿಷಯ ನಾನು ಹೇಳ್ತೀನಿ. ಎದೆಮಾಂಸದ ಕೈಮ ಬೇಡ, ಒಣ ಹಿಟ್ಟಿನಂತಾಗುತ್ತೆ. ತೊಡೆಮಾಂಸದ್ದು ತಗೊಳ್ಳಿ. ಅದು ನೀರು ಜಾಸ್ತಿ ಬಿಡೋದರಿಂದ 600 ಗ್ರಾಂಗೆ 30 ಗ್ರಾಂ ಹುರಿಗಡಲೆ ಹಿಟ್ಟು ಹಾಕಿ. ನಮ್ಮ ಕೈಮ ಉಂಡೆಗೆ ಹಾಕೋದೂ ಇದಕ್ಕೇ: ನೀರು ಹೀರಿಕೊಂಡು ಹಿಡಿದಿಡುತ್ತೆ. ಈರುಳ್ಳಿ ಹಾಕೋದಾದರೆ ಹೆಚ್ಚಿ ಬಟ್ಟೆಯಲ್ಲಿ ಹಿಂಡಿ ಹಾಕಿ, ಹಸಿ ರಸ ಸೇರಿದರೆ ಸೀಳೋದು ಗ್ಯಾರಂಟಿ. ಉಪ್ಪು ಮೇಲೆ ಹೇಳಿದ ಲೆಕ್ಕದಲ್ಲೇ, ಅಂದರೆ 6 ಗ್ರಾಂ.

ಚಿಕನ್ ಸಾಸೇಜ್ ಅಂತ ಬರೆದಿದ್ದರೂ ಹಿಂಬದಿಯ ಪಟ್ಟಿ ಓದಿ. ಕೆಲವದರ ಹೊರಪೊರೆ ಹಂದಿಯ ಕರುಳಿನದು, ಕೊಲಾಜೆನ್ ಪೊರೆ ಸಾಮಾನ್ಯವಾಗಿ ದನದ ಚರ್ಮದ್ದು. ಪೊರೆ ಇಲ್ಲದ ಚಿಕನ್ ಅಥವಾ ಟರ್ಕಿ ಫ್ರಾಂಕ್ (ಹಾಟ್ ಡಾಗ್ ಸಾಸೇಜ್) ಸಿಗುತ್ತೆ, ಅದನ್ನೇ ತನ್ನಿ. ಬೀಫ್ ತಿನ್ನದವರಿಗೆ ಇದು ಸಣ್ಣ ವಿಷಯ ಅಲ್ಲ. ಉಜ್ಜಿ ತೊಳೆದ ಜಾಲರಿಯ ಮೇಲೆ ಚಿಕನ್‌ನದ್ದನ್ನೇ ಮೊದಲು ಸುಟ್ಟು, ಮುಚ್ಚಿ, 60 ಡಿಗ್ರಿಗಿಂತ (140 ಫ್ಯಾ.) ಕಡಿಮೆಯಾಗದ ಹಾಗೆ ಬಿಸಿಯಾಗಿಡಿ. ಬೀಫ್ ಆಮೇಲೆ. ಇಕ್ಕಳವೂ ಬೇರೆ ಇರಲಿ.

ಹೊಗೆಗೂಡು:
ಕೆಟಲ್‌ಗ್ರಿಲ್ ಅವರ ವಿಧಾನದಲ್ಲಿ ಸೀಳಲ್ಲ, ನಿಜ. ಆದರೆ ನಾದಿದ ಮೇಲೆ ಕೈಮ ಸಾಸೇಜ್ ಥರ ಬಿಗಿಯಾಗುತ್ತೆ, ಬರ್ಗರ್‌ನ ಸಡಿಲ ಹದ ಹೋಗುತ್ತೆ. ಅದು ಬೇಕಿದ್ದರೆ ಸುತ್ತೋದನ್ನೇ ಬಿಡಿ. 120 ಗ್ರಾಂ ಕೈಮವನ್ನು ನಾದದೆ 16 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಪ್ಯಾಟಿ ಮಾಡಿ, ಉಪ್ಪು ಮೇಲಷ್ಟೇ ಉದುರಿಸಿ. ಹಾಟ್ ಡಾಗನ್ನು ಉದ್ದಕ್ಕೆ ಸೀಳಿ ಪುಸ್ತಕದ ಥರ ಬಿಡಿಸಿ, ಸೀಳಿದ ಮುಖ ಕೆಂಡದ ಕಡೆ ಇಟ್ಟು ಒಂದೂವರೆ ನಿಮಿಷ ಸುಡಿ. ಪ್ಯಾಟಿಯನ್ನು ಒಂದು ಪಕ್ಕ ಸುಟ್ಟು ಮಗುಚಿ, ಅದರ ಮೇಲೆ ಅಮೆರಿಕನ್ ಚೀಸ್, ಚೀಸ್ ಮೇಲೆ ಹಾಟ್ ಡಾಗ್. ಚೀಸೇ ಅಂಟು. ಎರಡಕ್ಕೂ ಸುಟ್ಟ ಮೈ ಸಿಗುತ್ತೆ. ಸುತ್ತಿದಾಗ ಒಳಗಿನ ಹಾಟ್ ಡಾಗ್‌ಗೆ ಅದು ಸಿಗೋದೇ ಇಲ್ಲ.

ಬನ್: ಮಾಮೂಲಿ ಹಾಟ್ ಡಾಗ್ ಬನ್ ಇಷ್ಟು ದಪ್ಪಕ್ಕೆ ಹರಿದುಹೋಗುತ್ತೆ. ಹೋಗೀ (hoagie) ಅನ್ನೋ ಉದ್ದನೆಯ ರೋಲ್ ಅಥವಾ ಮೆಕ್ಸಿಕನ್ ಅಂಗಡಿಯ ಬೊಲಿಯೊ ಬ್ರೆಡ್ ತನ್ನಿ. ಒಳಮೈಗೆ ಬೆಣ್ಣೆ ಸವರಿ ಕಂದು ಬರೋ ತನಕ ಕಾಯಿಸಿ. ಮಾಂಸವನ್ನು ಐದು ನಿಮಿಷ ತಂತಿ ಸ್ಟ್ಯಾಂಡ್ ಮೇಲೆ ಬಿಟ್ಟು, ಜಿಡ್ಡು ಇಳಿದ ಮೇಲೆ ಬನ್‌ಗೆ ಹಾಕಿ.

ಜುಲೈ_ನಾಲ್ಕು:
ಎಲ್ಲರಿಗೂ ಧನ್ಯವಾದ. ಥರ್ಮಾಮೀಟರ್ ಚುಚ್ಚೋದು ಕೈಮಕ್ಕೋ, ಹಾಟ್ ಡಾಗ್‌ಗೋ? ಇನ್ನೊಂದು, ಹಾಟ್ ಡಾಗ್ ಪಕ್ಕದ ಕೈಮ ಗುಲಾಬಿ ಬಣ್ಣ ಇದ್ದರೆ ಬೆಂದಿಲ್ಲ ಅಂತಲಾ?

ಕೆಟಲ್‌ಗ್ರಿಲ್:
ತುದಿಯಿಂದ ಉದ್ದಕ್ಕೆ, ಹಾಟ್ ಡಾಗ್‌ನ ನಟ್ಟನಡುವಿಗೆ ಚುಚ್ಚಿ. ಶಾಖ ಹೊರಗಿಂದ ಒಳಗೆ ಹೋಗೋದರಿಂದ ತಣ್ಣಗಿರೋ ಜಾಗ ಅದೇ. ಫ್ರಿಜ್‌ನಿಂದ ನೇರವಾಗಿ ಇಟ್ಟಿದ್ದರೆ, ಅಲ್ಲಿ 71 ಡಿಗ್ರಿ (160 ಫ್ಯಾ.) ತೋರಿಸಿದಾಗ ಸುತ್ತಲಿನ ಬೀಫ್ ಅದನ್ನು ದಾಟಿರುತ್ತೆ. ಚಿಕನ್‌ಗೆ 74 (165 ಫ್ಯಾ.). ಬೀಫ್‌ನಿಂದ ತೆಗೆದ ಮೇಲೆ ಕಡ್ಡಿ ತೊಳೆಯದೆ ಚಿಕನ್‌ಗೆ ಚುಚ್ಚಬೇಡಿ.

ಗುಲಾಬಿ ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಹಾಟ್ ಡಾಗ್‌ನಲ್ಲಿರೋ ನೈಟ್ರೈಟ್ (ಮಾಂಸ ಕೆಡದಂತೆ ಹಾಕೋ ಉಪ್ಪು) ರಸದ ಜೊತೆ ಕೈಮಕ್ಕೆ ಇಳಿದು, ಪೂರ್ತಿ ಬೆಂದ ಮೇಲೂ ಆ ಬಣ್ಣ ಉಳಿಸುತ್ತೆ. ಇದ್ದಿಲ ಹೊಗೆಯಿಂದ ಹೊರ ಅಂಚಿಗೂ ಅದೇ ಬಣ್ಣ ಬರಬಹುದು.