ಅಪ್‌ಡೇಟ್: 144 ಮೆಗಾಹರ್ಟ್ಸ್ ಆಂಪ್ಲಿಫೈಯರ್‌ನಲ್ಲಿ ಈಗ ಎಸ್‌ಎಸ್‌ಬಿಯೂ ಸ್ಪಷ್ಟ

ಹ್ಯಾಮ್ ರೇಡಿಯೋದ ಪ್ರಸಾರ ಶಕ್ತಿ ಹೆಚ್ಚಿಸುವ, ಎಫ್‌ಎಂಗೆಂದೇ ತಯಾರಾದ ನನ್ನ ಕ್ಲಾಸ್ ಸಿ ಆಂಪ್ಲಿಫೈಯರ್‌ನಲ್ಲಿ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಮಾತಿನ ಏರಿಳಿತದಂತೆ ಸಿಗ್ನಲಿನ ಬಲವೂ ಬದಲಾಗುವ ವಿಧಾನ) ಧ್ವನಿ ಒಡೆದು ಕೇಳುತ್ತದೆ ಎಂದು ಹೋದ ವಾರ ಕೇಳಿದ್ದೆ. ಡ್ರೈವ್ (ಆಂಪ್ಲಿಫೈಯರ್‌ಗೆ ಕೊಡುವ ಸಿಗ್ನಲಿನ ಬಲ) ತಗ್ಗಿಸುವ ಸಲಹೆ ಫಲಿಸಲಿಲ್ಲ. ಕ್ಲಾಸ್ ಸಿಯಲ್ಲಿರುವಂತೆ ಬಯಾಸ್ (ಮೊದಲೇ ಕೊಟ್ಟಿಡುವ ಸಣ್ಣ ವೋಲ್ಟೇಜ್) ಇಲ್ಲದ ಟ್ರಾನ್ಸಿಸ್ಟರ್ ತನ್ನ ಒಳತುದಿಯಾದ ಬೇಸ್‌ನಲ್ಲಿ ಸುಮಾರು 0.6 ವೋಲ್ಟ್ ಮುಟ್ಟದ ಸಿಗ್ನಲನ್ನು ವರ್ಧಿಸುವುದೇ ಇಲ್ಲವಾದ್ದರಿಂದ ಮೆಲುದನಿಯ ಭಾಗಗಳು ಇನ್ನಷ್ಟು ಕತ್ತರಿಸಿಹೋದವು. ಕೆಲಸಕ್ಕೆ ಬಂದದ್ದು ಡಯೋಡ್ ಬಯಾಸ್. ಬೇಸ್ ಚೋಕ್‌ನ (ಬೇಸಿಗೆ ಜೋಡಿಸಿದ ತಂತಿಸುರುಳಿಯ) ಗ್ರೌಂಡ್ ತುದಿಯನ್ನು ಬಿಡಿಸಿ, ಅಲ್ಲಿಗೆ ಡಯೋಡಿನಿಂದ ಸುಮಾರು 0.65 ವೋಲ್ಟ್ ಕೊಟ್ಟು, ಸಿಗ್ನಲ್ ಇಲ್ಲದಾಗ ಕಲೆಕ್ಟರ್ ಕರೆಂಟ್ 100 ಮಿಲಿಆಂಪಿಯರ್ ಇರುವಂತೆ ಹೊಂದಿಸಿದೆ. ಡಯೋಡನ್ನು ದಯವಿಟ್ಟು ಟ್ರಾನ್ಸಿಸ್ಟರಿಗೆ ತಾಗಿಸಿಯೇ ಕೂರಿಸಿ. ಮೊದಲು ದೂರದಲ್ಲಿಟ್ಟಾಗ ಬಿಸಿಯೇರಿದಂತೆಲ್ಲ ಕರೆಂಟ್ ತಾನಾಗಿಯೇ ಏರತೊಡಗಿತ್ತು. ನಾನು ನಿರೀಕ್ಷಿಸದೇ ಇದ್ದದ್ದು ಆಂಪ್ಲಿಫೈಯರನ್ನು ಪ್ರಸಾರಕ್ಕೆ ಜೋಡಿಸುವ ವಿದ್ಯುತ್ ಸ್ವಿಚ್ಚಾದ ರಿಲೇಯ ತೊಂದರೆ: ಸಿಗ್ನಲ್ ಬಂದಾಗ ಮಾತ್ರ ಎಳೆಯುವ ಅದು ಪದಪದದ ನಡುವೆಯೂ ಟಕಟಕನೆ ಬಿಟ್ಟು ಹಿಡಿಯುತ್ತಿತ್ತು. ಅದನ್ನು ನಡೆಸುವ ಟ್ರಾನ್ಸಿಸ್ಟರಿನ ಬೇಸ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ ಮೇಲೆ ಆ ಸದ್ದು ನಿಂತಿತು.