ಹೆಲೆನ್ ಮನೆಮುರುಕಿ, ಪೆನೆಲೊಪಿ ಪತಿವ್ರತೆ: ಇಷ್ಟೇನಾ?

ಪ್ರಶ್ನೆ (ಕೊಪ್ಪಳ):
ಗ್ರೀಕ್ ಕವಿ ಹೋಮರನ ಇಲಿಯಡ್, ಒಡಿಸ್ಸಿ ಮಹಾಕಾವ್ಯಗಳ ಹೆಣ್ಣುಪಾತ್ರಗಳನ್ನು ಹಿಡಿದು ಬಿ.ಎ. ಮಕ್ಕಳಿಂದ ಅರ್ಧ ತಾಸಿನ ಆಟ ಆಡಿಸಬೇಕು, ದೊಡ್ಡಾಟದ ಮಟ್ಟಿನಲ್ಲಿ. ಸಾರಾಂಶಗಳಲ್ಲೆಲ್ಲ ಒಡಿಸ್ಯೂಸನ ಹೆಂಡತಿ ಪೆನೆಲೊಪಿ ಪತಿವ್ರತೆ, ಗಂಡನನ್ನು ಬಿಟ್ಟು ಟ್ರಾಯ್‌ನ ರಾಜಕುಮಾರ ಪ್ಯಾರಿಸನ ಜೊತೆ ಹೋದ ಹೆಲೆನ್ ಮನೆಮುರುಕಿ. ಮೂಲದಲ್ಲಿ ಯಾವ ಭಾಗ ಓದಿಸಲಿ?

ಉತ್ತರ (ಬಳ್ಳಾರಿ):
ಸಾರಾಂಶ ಬದಿಗಿಡಿ ಮೇಡಂ. ಅವುಗಳಲ್ಲಿ ಹೆಣ್ಣಿನ ಬಗ್ಗೆ ಬೇರೆಯವರು ಆಡಿದ್ದು ಉಳಿದಿರುತ್ತದೆ, ಆಕೆ ಆಡಿದ್ದು ಸೋರಿಹೋಗಿರುತ್ತದೆ. ಟ್ರಾಯ್ ಯುದ್ಧದ ಕಥೆಯಾದ ಇಲಿಯಡ್‌ನ 3, 6, 19ನೇ ಸರ್ಗ ಓದಿಸಿ.

ಸೆರೆಯಾಳು ಬ್ರಿಸೇಯಿಸ್‌ಳಿಗಾಗಿ 1ನೇ ಸರ್ಗದಲ್ಲೇ ಗ್ರೀಕ್ ವೀರರಾದ ಅಗಮೆಮ್ನಾನ್, ಅಕಿಲೀಸ್ ಜಗಳಾಡುತ್ತಾರೆ. ಅವಳು ಬಾಯಿ ಬಿಡುವುದು 19ರಲ್ಲಿ, ಅಕಿಲೀಸನ ಗೆಳೆಯ ಪೆಟ್ರೋಕ್ಲಸನ ಹೆಣದ ಮುಂದೆ, ಒಂದೇ ಸಲ. ಗಂಡನನ್ನು ಕೊಂದವನು ಅಕಿಲೀಸನೇ, ಮೂವರು ಅಣ್ಣತಮ್ಮಂದಿರೂ ಹೋದರು ಎಂಬುದು ಅವಳ ಬಾಯಿಂದ ತಿಳಿಯುವುದು ಆಗಲೇ. ದೊಡ್ಡಾಟದಲ್ಲಿ ಪಾತ್ರ ಬಂದ ಕೂಡಲೇ ಸಾರಥಿ ‘ತಾವು ಯಾರು?’ ಎಂದು ಕೇಳುತ್ತಾನಲ್ಲ, ಒಡ್ಡೋಲಗದಲ್ಲಿ ಎಲ್ಲರನ್ನೂ ಕೇಳಿ ಇವಳನ್ನು ಮಾತ್ರ ದಾಟಿಹೋಗಲಿ. ಕೊನೆಗೆ ಕೇಳಲಿ.

ಹೆಲೆನ್‌ಗೆ 3ನೇ ಸರ್ಗ. ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ; ಟ್ರಾಯ್‌ನ ಮುದುಕ ರಾಜ ಪ್ರಿಯಾಮ ‘ತಪ್ಪು ನಿನ್ನದಲ್ಲ, ದೇವರುಗಳದ್ದು’ ಎನ್ನುತ್ತಾನೆ. ಪ್ಯಾರಿಸನ ಹತ್ತಿರ ಹೋಗೆಂದ ಪ್ರೇಮದೇವತೆ ಅಫ್ರೊಡೈಟಿಗೇ ‘ನೀನೇ ಹೋಗಿ ಅವನ ಪಕ್ಕ ಕೂಡು’ ಎಂದು ತಿರುಗಿ ಬೀಳುತ್ತಾಳೆ. ದೇವಿ ಗದರಿಸಿದ ಮೇಲೆಯೇ ಹೊರಡುವುದು. ಇದನ್ನು ಬಿಟ್ಟರೆ ಹೆಲೆನ್ ಬರೀ ಬೊಂಬೆ.

ಉತ್ತರ (ರಾಯಚೂರು):
ಮೇಲಿನದು ಸರಿ, ಆದರೆ ಎಲ್ಲರನ್ನೂ ಬಂಡಾಯಗಾರ್ತಿಯರನ್ನಾಗಿ ಮಾಡಬೇಡಿ. ಇಲಿಯಡ್‌ನ 6ರಲ್ಲಿ ಟ್ರಾಯ್ ವೀರ ಹೆಕ್ಟರನ ಹೆಂಡತಿ ಆಂಡ್ರೊಮಕಿ ‘ಅಂಜೂರದ ಮರದ ಬಳಿ ಸೈನ್ಯ ನಿಲ್ಲಿಸು, ಅಲ್ಲಿ ಗೋಡೆ ಹತ್ತಲು ಸಲೀಸು’ ಎಂದು ಲೆಕ್ಕಾಚಾರದ ಮಾತಾಡುತ್ತಾಳೆ. ಹೆಕ್ಟರ್ ‘ಮಗ್ಗ ನೋಡಿಕೋ, ಯುದ್ಧ ಗಂಡಸರದ್ದು’ ಎಂದುಬಿಡುತ್ತಾನೆ. ಒಡಿಸ್ಸಿಯ 1ರಲ್ಲಿ ಟೆಲೆಮ್ಯಾಕಸ್ ಹೆತ್ತ ತಾಯಿ ಪೆನೆಲೊಪಿಗೂ ಹೆಚ್ಚುಕಡಿಮೆ ಅದನ್ನೇ ಹೇಳುವುದು.

ಮಗ್ಗದಲ್ಲೇ ಬಹಳ ಆಟಗಳು ಎಡವುತ್ತವೆ. ನಮ್ಮ ಗುಂಡಿಮಗ್ಗ ಇಟ್ಟು ಪೆನೆಲೊಪಿಯನ್ನು ಕೂರಿಸಬೇಡಿ. ಗ್ರೀಕರದ್ದು ನೆಟ್ಟಗೆ ನಿಲ್ಲಿಸಿದ ಚೌಕಟ್ಟು. ಹಾಸಿನ ಎಳೆಗಳ ತುದಿಗೆ ಮಣ್ಣಿನ ಗುಂಡು ಕಟ್ಟಿ ಇಳಿಬಿಟ್ಟು, ಮೇಲಿನಿಂದ ಕೆಳಕ್ಕೆ ನೇಯುತ್ತಿದ್ದರು. ನೇಯುವವಳು ನಿಂತು ಆಚೀಚೆ ಓಡಾಡಬೇಕು, ರಂಗಕ್ಕೆ ಅದೇ ಚೆಂದ. ಮಾವ ಲಯೆರ್ಟೀಸನ ಶವದ ಬಟ್ಟೆ ನೇಯ್ದು ಮುಗಿಯಲಿ ಎಂಬ ನೆಪವನ್ನು ಯಾರೂ ಅಲ್ಲಗಳೆಯಲಾರರು. ಹಗಲು ನೇಯ್ದು ಇರುಳು ಬಿಚ್ಚಿ ತನ್ನನ್ನು ಮದುವೆಯಾಗೆಂದು ಕಾಡುವ 108 ಮಂದಿಯನ್ನು ಮೂರು ವರ್ಷ ಯಾಮಾರಿಸುತ್ತಾಳೆ. 23ರಲ್ಲಿ ಮಂಚ ಸರಿಸೆಂದು ಹೇಳಿ, ಮರಳಿ ಬಂದ ಗಂಡನನ್ನೇ ಪರೀಕ್ಷಿಸುತ್ತಾಳೆ: ಅದರ ಒಂದು ಕಾಲು ಬೇರುಬಿಟ್ಟ ಆಲಿವ್ ಮರ, ಸರಿಯುವಂಥದ್ದಲ್ಲ.

ಒಡಿಸ್ಸಿಯ 22ರಲ್ಲಿ ಅವಳ ಮನೆಯ 12 ದಾಸಿಯರನ್ನು ನೇಣಿಗೇರಿಸುವುದನ್ನು ಮಾತ್ರ ಬಿಡಬೇಡಿ. ತೋರಿಸುವುದು ಬೇಡ, ಭಾಗವತರು ಹಾಡಿದರೆ ಸಾಕು. ಮತ್ತೆ, ಯಾರಾದರೂ ಮೆಡಿಯಾಳನ್ನೂ ಸೇರಿಸೋಣ ಎಂದರೆ ಒಪ್ಪಬೇಡಿ. ಆಕೆ ಕ್ರಿ.ಪೂ. 431ರ ಯೂರಿಪಿಡಿಸ್ ನಾಟಕದವಳು, ಅರ್ಧ ತಾಸಿನಲ್ಲಿ ಹಿಡಿಸುವವಳೂ ಅಲ್ಲ.