ಬೆಳಿಗ್ಗೆ ಸ್ಟಾರ್ಟ್ ಆಗಿ ಬಂದ್ ಬೀಳುವ ಹಳೆ ಮಿನಿ ಲಾರಿ: ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ ಹತ್ತಿರದ ಹಳ್ಳಿಯಿಂದ:

ನನ್ನದು 1998ರ ಮಾಡೆಲ್, ನಾಲ್ಕು ಸಿಲಿಂಡರ್ ಡೀಸೆಲ್ ಮಿನಿ ಲಾರಿ. ಚಳಿ ಶುರುವಾದಾಗಿನಿಂದ ಒಂದೇ ತೊಂದರೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಎರಡು ನಿಮಿಷ ಓಡಿ ಬಂದ್. ಆಮೇಲೆ ಬ್ಯಾಟರಿ ಇಳಿಯುವವರೆಗೆ ತಿರುಗಿಸಿದರೂ ಇಲ್ಲ. ಬಿಸಿಲೇರಿದ ಮೇಲೆ ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿದರೆ ಸರಿಯಾಗುತ್ತದೆ. ಮೆಕ್ಯಾನಿಕ್ ಡೀಸೆಲ್ ಪಂಪ್ ಇಳಿಸಬೇಕು ಅಂತಾರೆ. ಅಡಿಕೆ ಕೊಯ್ಲಿನ ಹೊತ್ತು, ಗಾಡಿ ನಿಲ್ಲಿಸುವ ಹಾಗಿಲ್ಲ. ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡೋಣವೇ ಅಂತ ಯೋಚನೆ.

ಶಿರಸಿ ಪೇಟೆಯಿಂದ:

ಪಂಪ್ ಮುಟ್ಟಬೇಡಿ. ಮೊದಲು ಸೈಲೆನ್ಸರ್ ಹತ್ತಿರ ಒಬ್ಬರನ್ನು ನಿಲ್ಲಿಸಿ, ಸೆಲ್ಫ್ ಹೊಡೆಯುವಾಗ ಹೊಗೆ ನೋಡಲು ಹೇಳಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸುಡುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಲೇ ಇಲ್ಲ. ನಿಮ್ಮದು ಎರಡನೆಯದು ಅಂತ ನನ್ನ ಅನಿಸಿಕೆ. ಹೀಟರ್ ಪ್ಲಗ್ (ಚಳಿಯಲ್ಲಿ ಸಿಲಿಂಡರ್ ಒಳಗೆ ಕಾಯಿಸುವುದು) ಅಥವಾ ಕಂಪ್ರೆಶನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ತೊಂದರೆ ಆಗಿದ್ದರೆ ಮೊದಲ ಸೆಲ್ಫ್‌ಗೇ ಒದ್ದಾಡಬೇಕಿತ್ತು ಅಲ್ವಾ?

ನನ್ನ ಗಾಡಿಯೂ ಥೇಟ್ ಹೀಗೇ ಮಾಡಿತ್ತು. ನಾನು ಅವಸರ ಮಾಡಿ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಝಲ್ ಸರ್ವಿಸ್ ಮಾಡಿಸಿದೆ. ಏನೂ ಬದಲಾಗಲಿಲ್ಲ. ತೊಂದರೆ ಇದ್ದದ್ದು ಟ್ಯಾಂಕ್‌ನಿಂದ ಫೀಡ್ ಪಂಪ್‌ಗೆ ಬರುವ ರಬ್ಬರ್ ಹೋಸ್‌ನಲ್ಲಿ. ಆ ಭಾಗದಲ್ಲಿ ಪಂಪ್ ಡೀಸೆಲನ್ನು ಎಳೆಯುತ್ತದೆ. ಹಾಗಾಗಿ ಬಿರುಕು ಬಿಟ್ಟರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಕೆಳಗೆ ಒಂದು ಹನಿಯೂ ಕಾಣುವುದಿಲ್ಲ. ರಾತ್ರಿಯೆಲ್ಲ ನಿಂತಾಗ ಪೈಪ್‌ನ ಡೀಸೆಲ್ ಟ್ಯಾಂಕ್‌ಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಫಿಲ್ಟರ್ ಮತ್ತು ಪಂಪ್‌ನಲ್ಲಿ ಉಳಿದಷ್ಟರಲ್ಲಿ ಗಾಡಿ ಓಡುತ್ತದೆ. ಅದು ಮುಗಿದು ಗಾಳಿ ಬಂದಾಗ ಬಂದ್. ಹಳೆ ರಬ್ಬರ್ ಚಳಿಗೆ ಬಿರುಸಾಗಿ ಕ್ಲಿಪ್ ಹಿಡಿತ ಸಡಿಲವಾಗುತ್ತದೆ, ಬಿಸಿಲಿಗೆ ಮೆತ್ತಗಾಗಿ ಕೂರುತ್ತದೆ.

ಇವತ್ತು ರಾತ್ರಿ ಟ್ಯಾಂಕ್ ತುಂಬಿಸಿ, ಮೂತಿ ಇಳಿಜಾರಿಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಡೀಸೆಲ್ ಮಟ್ಟ ಪಂಪ್‌ಗಿಂತ ಮೇಲಿದ್ದು ಬೆಳಿಗ್ಗೆ ಗಾಡಿ ಬಂದ್ ಬೀಳದಿದ್ದರೆ ಗಾಳಿಯೇ ಕಾರಣ. ಆಮೇಲೆ ಟ್ಯಾಂಕ್‌ನಿಂದ ಫೀಡ್ ಪಂಪ್‌ಗೆ ಸೇರುವ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ. ಗುಳ್ಳೆ ಕಣ್ಣಿಗೇ ಕಾಣುತ್ತದೆ. ನಂತರ ಟ್ಯಾಂಕ್ ಕಡೆಯಿಂದ ಒಂದೊಂದೇ ಜಾಯಿಂಟ್ ನೋಡುತ್ತಾ ಬನ್ನಿ.

ಏರ್ ತೆಗೆಯುವಾಗ ಫಿಲ್ಟರ್ ಮೇಲಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ನಾಝಲ್ ಕಡೆಯ ಪೈಪ್ ಸಡಿಲಿಸಬೇಕಾದರೆ ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಡೀಸೆಲ್ ಹೆಪ್ಪುಗಟ್ಟಿದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಚಳಿಗಾಲದ ಡೀಸೆಲ್ 3 ಡಿಗ್ರಿವರೆಗೂ ಹರಿಯಬೇಕು ಅಂತ ನಮ್ಮ ದೇಶದ ಮಾನಕವೇ ಇದೆ. ಶಿರಸಿಯಲ್ಲಿ ಅಷ್ಟು ಚಳಿ ಎಲ್ಲಿದೆ?

ಕಾರವಾರದಿಂದ:

ಮೇಲಿನವರು ಹೇಳಿದ್ದು ಸರಿ. ಸೆಲ್ಫ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತಲೂ ನೋಡಿ. ನಮ್ಮ ಕಡಲ ಗಾಳಿಗೆ ಬ್ಯಾಟರಿ ಮೈನಸ್ ಕಡೆಯ ಅರ್ಥಿಂಗ್ ಪಟ್ಟಿ ಒಳಗೊಳಗೇ ಹಸಿರಾಗಿ ತಿಂದುಹೋಗುತ್ತದೆ. ವೋಲ್ಟ್ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಸುಮ್ನೆ ಹೊಸ ಬ್ಯಾಟರಿ ತರಬೇಡಿ. ಒಂದು ಸಲಕ್ಕೆ 10-15 ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟಾರೇ ಸುಡುತ್ತದೆ.

ಅಂಕೋಲಾದಿಂದ:

ಡೀಸೆಲ್ ಜೊತೆ ಬಂದು ಫಿಲ್ಟರ್ ಕೆಳಗೆ ಕೂರುವ ನೀರು ಬಿಟ್ಟು ಎಷ್ಟು ದಿನ ಆಯಿತು? ಮಳೆಗಾಲ ಕಳೆದ ಮೇಲೆ ನಮ್ಮ ಗಾಡಿಯಲ್ಲಿ ಅರ್ಧ ಲೋಟ ನೀರು ಬಂದಿತ್ತು.

ಯಲ್ಲಾಪುರದಿಂದ:

ತಳ್ಳಿ ಸ್ಟಾರ್ಟ್ ಮಾಡುವ ಯೋಚನೆ ದಯವಿಟ್ಟು ಬಿಡಿ. ಇಂಜಿನ್ ಓಡದಿದ್ದರೆ ಬ್ರೇಕ್‌ಗೆ ಬಲ ಕೊಡುವ ವ್ಯಾಕ್ಯೂಮ್ ಇಲ್ಲ, ಎರಡು ಮೂರು ಸಲ ಒತ್ತುವುದರೊಳಗೆ ಬ್ರೇಕ್ ಕಲ್ಲಾಗುತ್ತದೆ. ಅರಬೈಲ್ ಘಟ್ಟದ ತಿರುವಿನಲ್ಲಿ ಇಂಜಿನ್ ಬಂದ್ ಆದ ಗಾಡಿಯಲ್ಲಿ ನಾನು ಕೂತಿದ್ದೆ. ಎರಡೂ ಕಾಲು ಬ್ರೇಕ್ ಮೇಲಿಟ್ಟು ನಿಂತರೂ ಗಾಡಿ ಜಾರುತ್ತಿತ್ತು. ಗುಡ್ಡದ ಬದಿಗೆ ಒರಗಿಸಿ ಉಳಿದುಕೊಂಡೆವು. ಬೇಗ ಸ್ಟಾರ್ಟ್ ಆಗಲಿ ಅಂತ ಹೊಡೆಯುವ ಈಥರ್ ಸ್ಪ್ರೇ ಕೂಡ ಬೇಡ. ಹೀಟರ್ ಪ್ಲಗ್ ಕಾದಿದ್ದಾಗ ಅದು ಹೊತ್ತಿ ಸಿಡಿಯುತ್ತದೆ.

ಕೇಳಿದವರು, ನಾಲ್ಕು ದಿನದ ನಂತರ:

ಎಲ್ಲರಿಗೂ ಕೈಮುಗಿಯುತ್ತೇನೆ. ಹೊಗೆ ಚೂರೂ ಇರಲಿಲ್ಲ. ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದ ಬೆಳಿಗ್ಗೆ ಗಾಡಿ ಬಂದ್ ಬೀಳಲೇ ಇಲ್ಲ. ಪಾರದರ್ಶಕ ಪೈಪ್ ಹಾಕಿದಾಗ ಸಾಲುಸಾಲು ಗುಳ್ಳೆ. ಟ್ಯಾಂಕ್ ಹತ್ತಿರದ ಕ್ಲಿಪ್ ಕೆಳಗೆ ಹೋಸ್ ಕೂದಲೆಳೆಯಷ್ಟು ಸೀಳಿತ್ತು, ಕ್ಲಿಪ್ ತೆಗೆದ ಮೇಲೇ ಕಂಡಿದ್ದು. ಹೊಸ ಹೋಸ್, ಎರಡು ಕ್ಲಿಪ್, ಫಿಲ್ಟರ್ ಬೋಲ್ಟ್‌ನ ತಾಮ್ರದ ವಾಷರ್ ಹಾಕಿದೆ. ಫಿಲ್ಟರ್ ನೀರನ್ನೂ ಬಿಟ್ಟೆ, ಸ್ವಲ್ಪವೇ ಬಂತು. ಪಂಪ್ ಇಳಿಸಲಿಲ್ಲ.

ಮೂರು ದಿನದಿಂದ ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದೇನೆ. ಇವತ್ತು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದು ಇದನ್ನು ಬರೆಯುತ್ತಿದ್ದೇನೆ. ಅರ್ಥಿಂಗ್ ಪಟ್ಟಿ ಮಾತ್ರ ಇನ್ನೂ ನೋಡಿಲ್ಲ, ಭಾನುವಾರ ಬಿಚ್ಚುತ್ತೇನೆ.